ಆರನ್ ದ್ವೀಪದಲ್ಲಿ ಒಂದು ವಾರ: ಒಬ್ಬರೇ ಟೆಂಟ್ ಹೊತ್ತು ಹೋಗುವವರಿಗೆ

ಸ್ಕಾಟ್ಲೆಂಡಿನ ಯಾವುದಾದರೂ ದ್ವೀಪಕ್ಕೆ ಒಬ್ಬರೇ ಹೋಗಬೇಕು, ವಾರವಿಡೀ ಟೆಂಟಿನಲ್ಲೇ ಇರಬೇಕು ಅನ್ನುವವರಿಗೆ ನಾನು ಮೊದಲು ಹೇಳುವ ಹೆಸರು ಆರನ್. ಸ್ಕೈ ದ್ವೀಪದ ಹೆಸರು ಎಲ್ಲರಿಗೂ ಗೊತ್ತು. ಅದಕ್ಕೇ ಅಲ್ಲಿ ಜನ ಜಾಸ್ತಿ, ಕಾರಿಲ್ಲದೆ ಓಡಾಡುವುದೂ ಕಷ್ಟ. ಆರನ್‌ಗಾದರೆ ಗ್ಲಾಸ್ಗೋದಿಂದ ರೈಲು, ಆಮೇಲೆ ಹಡಗು, ಇಳಿದ ಕೂಡಲೇ ಬಸ್ಸು. ದ್ವೀಪದ ವಿಸ್ತೀರ್ಣ ಸುಮಾರು 430 ಚದರ ಕಿ.ಮೀ. ಅಷ್ಟರಲ್ಲೇ ಉತ್ತರಕ್ಕೆ ಚೂಪಾದ ಗ್ರಾನೈಟ್ ಬೆಟ್ಟಗಳು, ದಕ್ಷಿಣಕ್ಕೆ ಹುಲ್ಲುಗಾವಲು ಮತ್ತು ಮರಳಿನ ದಂಡೆ, ಪಶ್ಚಿಮಕ್ಕೆ ನಾಲ್ಕು ಸಾವಿರ ವರ್ಷ ಹಳೆಯ ನಿಲುಗಲ್ಲುಗಳು. ಇಡೀ ಸ್ಕಾಟ್ಲೆಂಡೇ ಇಲ್ಲಿ ಚಿಕ್ಕದಾಗಿ ಇದೆ ಅಂತ ಜನ ಹೇಳುವುದು ಅದಕ್ಕೇ.

ಶುರುವಿನಲ್ಲೇ ಒಂದು ಮಾತು. ದಿನಕ್ಕೊಂದು ಜಾಗ ಅಂತ ಯೋಜನೆ ಹಾಕಬೇಡಿ. ದ್ವೀಪದ ಸುತ್ತ ಆರನ್ ಕೋಸ್ಟಲ್ ವೇ ಅನ್ನುವ ಸುಮಾರು 105 ಕಿ.ಮೀ. ನಡಿಗೆ ದಾರಿ ಇದೆ. ವಾರದಲ್ಲಿ ಅದನ್ನು ಮುಗಿಸಿಬಿಡೋಣ ಅಂತ ಆಸೆ ಆಗುವುದು ಸಹಜ. ಆದರೆ ಒಬ್ಬರೇ ಇದ್ದಾಗ ಟೆಂಟ್ ಬಿಚ್ಚುವುದು, ಹೊರುವುದು, ಮತ್ತೆ ಹಾಕುವುದು, ನೀರು, ಅಡುಗೆ, ದಾರಿ ನೋಡುವುದು ಎಲ್ಲವೂ ಒಂದೇ ಜೋಡಿ ಕೈಯ ಕೆಲಸ. ಮಧ್ಯೆ ಎರಡು ದಿನ ಮಳೆ ಹಿಡಿದರೆ ಒದ್ದೆ ಟೆಂಟ್ ಹೊತ್ತು ನಡೆಯುವುದಷ್ಟೇ ಪ್ರವಾಸ ಆಗಿಬಿಡುತ್ತದೆ. ಎರಡೇ ಬಿಡಾರ ಇಟ್ಟುಕೊಳ್ಳಿ: ಉತ್ತರದಲ್ಲಿ ಲಾಕ್‌ರಾನ್ಜಾ, ದಕ್ಷಿಣದಲ್ಲಿ ಕಿಲ್ಡೋನನ್. ಟೆಂಟ್ ಅಲ್ಲೇ ಇರಲಿ. ಬೆಳಗ್ಗೆ ಸಣ್ಣ ಚೀಲ ಹೆಗಲಿಗೇರಿಸಿ ಬಸ್ಸಿನಲ್ಲೋ ಕಾಲ್ನಡಿಗೆಯಲ್ಲೋ ಹೊರಡಿ, ಸಂಜೆ ವಾಪಸ್ ಬನ್ನಿ. ಮುಂದೆ ಬರೆದಿರುವುದೆಲ್ಲ ಈ ಲೆಕ್ಕದಲ್ಲೇ ಇದೆ.

ಯಾವಾಗ ಹೋಗಬೇಕು

ಮೇ ತಿಂಗಳು, ಅಥವಾ ಜೂನ್ ಮೊದಲ ವಾರ. ಏಪ್ರಿಲ್‌ನಿಂದ ಜೂನ್‌ವರೆಗೆ ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಮಳೆ ಸ್ವಲ್ಪ ಕಡಿಮೆ. ಮೇ ಕೊನೆಗೆ ರಾತ್ರಿ ಒಂಬತ್ತೂವರೆ ದಾಟಿದರೂ ಬೆಳಕಿರುತ್ತದೆ, ಹಾಗಾಗಿ ಬೆಟ್ಟದಿಂದ ಇಳಿಯುವುದು ತಡವಾದರೂ ಕತ್ತಲೆಯ ಭಯವಿಲ್ಲ. ಬೆಳಗಿನ ಜಾವ ಐದಕ್ಕೆ ಮುಂಚೆಯೇ ಟೆಂಟಿನೊಳಗೆ ಬೆಳಕು ಬರುತ್ತದೆ. ಕಣ್ಣಿಗೆ ಕಟ್ಟಿಕೊಳ್ಳುವ ಪಟ್ಟಿ ಒಂದಿದ್ದರೆ ನಿದ್ದೆ ಉಳಿಯುತ್ತದೆ.

ಮೇ ತಿಂಗಳಿಗೆ ಇನ್ನೊಂದು ದೊಡ್ಡ ಕಾರಣ ಮಿಜ್. ಸೊಳ್ಳೆಗಿಂತ ತುಂಬಾ ಚಿಕ್ಕ ಹುಳ, ಕಚ್ಚುವಾಗ ನೂರಾರು ಒಟ್ಟಿಗೆ ಬರುತ್ತವೆ. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಇವುಗಳ ಕಾಲ. ಜುಲೈ, ಆಗಸ್ಟ್ ಸಂಜೆ ಗಾಳಿ ನಿಂತರೆ ಟೆಂಟಿನ ಹೊರಗೆ ಕೂತು ಒಂದು ಲೋಟ ಚಹಾ ಕುಡಿಯಲೂ ಬಿಡುವುದಿಲ್ಲ. ಬಿಸಿಲು, ಗಾಳಿ ಎರಡೂ ಇವಕ್ಕೆ ಆಗದು. ಬೇಸಿಗೆ ನಡುವೆಯೇ ಹೋಗಬೇಕಾದರೆ ತಲೆಗೆ ಹಾಕುವ ಬಲೆ, ಉದ್ದ ತೋಳಿನ ತಿಳಿ ಬಣ್ಣದ ಅಂಗಿ, ಸ್ಮಿಡ್ಜ್‌ನಂಥ ಸ್ಪ್ರೇ ಕಡ್ಡಾಯ.

ವೀಸಾ, ವಿಮಾನ, ಹಡಗು

ಭಾರತದಿಂದ ಬರುವವರಿಗೆ ಬ್ರಿಟನ್ನಿನ ಸ್ಟ್ಯಾಂಡರ್ಡ್ ವಿಸಿಟರ್ ವೀಸಾ ಬೇಕು. ಸ್ಕಾಟ್ಲೆಂಡಿಗೆ ಬೇರೆ ವೀಸಾ ಇಲ್ಲ, ಯುರೋಪಿನ ಷೆಂಗೆನ್ ವೀಸಾ ಇಲ್ಲಿ ನಡೆಯುವುದೂ ಇಲ್ಲ. ಬೆಂಗಳೂರಿನಿಂದ ಲಂಡನ್‌ಗೆ ನೇರ ವಿಮಾನಗಳಿವೆ. ಲಂಡನ್ ಯೂಸ್ಟನ್‌ನಿಂದ ಗ್ಲಾಸ್ಗೋ ಸೆಂಟ್ರಲ್‌ಗೆ ರೈಲಿನಲ್ಲಿ ಸುಮಾರು ನಾಲ್ಕೂವರೆ ಗಂಟೆ. ರೈಲು ಟಿಕೆಟ್ ಮುಂಚೆಯೇ ತೆಗೆದರೆ ಅಗ್ಗ. ವಿಮಾನ ಇಳಿದ ದಿನವೇ ದ್ವೀಪಕ್ಕೆ ಓಡಬೇಡಿ. ಒಂದು ರಾತ್ರಿ ಗ್ಲಾಸ್ಗೋದಲ್ಲಿ ಉಳಿದು ನಿದ್ದೆ ಸರಿಮಾಡಿಕೊಳ್ಳಿ, ಗ್ಯಾಸ್ ಕೊಳ್ಳಿ, ಸಾಮಾನು ಜೋಡಿಸಿಕೊಳ್ಳಿ.

ಹಡಗು ನಡೆಸುವುದು ಕಲಡೋನಿಯನ್ ಮ್ಯಾಕ್‌ಬ್ರೇನ್. ಎಲ್ಲರೂ ಕ್ಯಾಲ್‌ಮ್ಯಾಕ್ ಅನ್ನುತ್ತಾರೆ. ಆರನ್‌ನ ಮುಖ್ಯ ಊರು ಬ್ರಾಡಿಕ್. ಅಲ್ಲಿಗೆ ಆರ್ಡ್ರೋಸನ್ ಬಂದರಿನಿಂದ ಒಂದು ಗಂಟೆಗೂ ಕಡಿಮೆ, ಟ್ರೂನ್ ಬಂದರಿನಿಂದ ಅದಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು. ಎರಡೂ ಊರಿಗೆ ಗ್ಲಾಸ್ಗೋ ಸೆಂಟ್ರಲ್‌ನಿಂದ ನೇರ ರೈಲು ಇದೆ. ನಿಮ್ಮ ಟಿಕೆಟ್ಟಿನಲ್ಲಿ ಯಾವ ಬಂದರು ಅಂತ ಎರಡು ಸಲ ಓದಿಕೊಳ್ಳಿ. ಆರ್ಡ್ರೋಸನ್‌ನಲ್ಲಿ ರೈಲು ನಿಲ್ದಾಣ ಹಡಗಿನ ಪಕ್ಕದಲ್ಲೇ ಇದೆ. ಟ್ರೂನ್‌ನಲ್ಲಿ ನಿಲ್ದಾಣದಿಂದ ಬಂದರಿಗೆ ಸ್ವಲ್ಪ ನಡೆಯಬೇಕು, ಹೊರೆ ಹೊತ್ತವರು ಅರ್ಧ ಗಂಟೆ ಇಟ್ಟುಕೊಳ್ಳಿ. ಕಾರು ಒಯ್ಯುವವರು ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಬೇಕಾಗುತ್ತದೆ. ನಡೆದು ಹತ್ತುವವರಿಗೆ ಆ ತಲೆನೋವಿಲ್ಲ.

ಗಾಳಿ ಜೋರಾದರೆ ಹಡಗು ರದ್ದಾಗುತ್ತದೆ. ಇದು ಅಪರೂಪದ ಸಂಗತಿ ಅಲ್ಲ, ದ್ವೀಪದ ಬದುಕೇ ಹಾಗೆ. ಅದಕ್ಕೇ ವಾಪಸ್ ವಿಮಾನಕ್ಕೂ ವಾಪಸ್ ಹಡಗಿಗೂ ಮಧ್ಯೆ ಕಡಿಮೆಯೆಂದರೆ ಒಂದು ಪೂರ್ತಿ ದಿನ ಬಿಡಿ. ಬ್ರಾಡಿಕ್ ಹಡಗು ನಿಂತಾಗಲೂ ಲಾಕ್‌ರಾನ್ಜಾದಿಂದ ಪಶ್ಚಿಮದ ಕಿಂಟೈರ್ ಪರ್ಯಾಯ ದ್ವೀಪದ ಕ್ಲೋನೆಗ್‌ಗೆ ಹೋಗುವ ಸಣ್ಣ ಹಡಗು ಕೆಲವೊಮ್ಮೆ ಓಡುತ್ತದೆ. ಅರ್ಧ ಗಂಟೆಯ ದಾರಿ. ಅಲ್ಲಿಂದ ಗ್ಲಾಸ್ಗೋಗೆ ಸುತ್ತು ಜಾಸ್ತಿ, ಆದರೂ ಒಂದು ದಾರಿ ಅಂತ ಇರುತ್ತದೆ.

ಚೀಲದಲ್ಲಿ ಏನಿರಬೇಕು

ಪೂರ್ತಿ ತುಂಬಿದ ಚೀಲ 12 ಕೆ.ಜಿ. ದಾಟದಿದ್ದರೆ ಒಳ್ಳೆಯದು. ಟೆಂಟಿನ ವಿಷಯದಲ್ಲಿ ಮಾತ್ರ ಉಳಿತಾಯ ಬೇಡ. ಇಲ್ಲಿನ ಮಳೆ ನಮ್ಮ ಮಲೆನಾಡಿನ ಮಳೆಯ ಹಾಗೆ ಮೇಲಿಂದ ಸುರಿಯುವುದಿಲ್ಲ, ಗಾಳಿಯ ಜೊತೆ ಅಡ್ಡಡ್ಡ ಬಡಿಯುತ್ತದೆ. ಹೊರಗಿನ ಬಟ್ಟೆ ನೆಲದವರೆಗೂ ಇಳಿಯುವ, ಎರಡು ಪದರದ, ತಗ್ಗಾದ ಟೆಂಟ್ ಬೇಕು. ಬೀಚಿನಲ್ಲಿ ನೆರಳಿಗೆ ಹಾಕುವಂಥದ್ದು ಇಲ್ಲಿ ಒಂದು ರಾತ್ರಿಯೂ ತಾಳುವುದಿಲ್ಲ. ಮನೆಯ ಹತ್ತಿರದ ಮೈದಾನದಲ್ಲೋ ತಾರಸಿಯಲ್ಲೋ ಒಬ್ಬರೇ ನಿಂತು ಟೆಂಟ್ ಹಾಕಿ, ಬಿಚ್ಚಿ ಅಭ್ಯಾಸ ಮಾಡಿಕೊಂಡು ಬನ್ನಿ.

ಮೇ ತಿಂಗಳಲ್ಲೂ ರಾತ್ರಿ 5 ಡಿಗ್ರಿಗೆ ಇಳಿಯಬಹುದು. ಸ್ಲೀಪಿಂಗ್ ಬ್ಯಾಗಿನ ಮೇಲೆ ಎರಡು ಅಂಕಿ ಬರೆದಿರುತ್ತಾರೆ. ಕಂಫರ್ಟ್ ಅಂತ ಇರುವ ಅಂಕಿಯನ್ನೇ ನೋಡಿ. ಅದು 0ಯಿಂದ 3 ಡಿಗ್ರಿ ಆಸುಪಾಸು ಇರಲಿ. ಚಳಿ ಮೇಲಿಂದ ಬರುವುದಕ್ಕಿಂತ ನೆಲದಿಂದ ಜಾಸ್ತಿ ಏರುತ್ತದೆ, ಹಾಗಾಗಿ ಕೆಳಗೆ ಹಾಸುವ ಮ್ಯಾಟ್ ದಪ್ಪಗಿರಬೇಕು.

ಜೀನ್ಸ್ ಬೇಡವೇ ಬೇಡ, ನೆನೆದರೆ ಎರಡು ದಿನ ಒಣಗುವುದಿಲ್ಲ. ಮಳೆಗೆ ಜಾಕೆಟ್ ಮತ್ತು ಪ್ಯಾಂಟ್ ಎರಡೂ ಇರಲಿ. ಗಾಳಿಗೆ ಛತ್ರಿ ನಿಲ್ಲುವುದಿಲ್ಲ. ಚೀಲದ ಒಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಅದರೊಳಗೆ ಸ್ಲೀಪಿಂಗ್ ಬ್ಯಾಗ್ ಮತ್ತು ಒಂದು ಜೊತೆ ಒಣ ಬಟ್ಟೆ ಇಡಿ. ಈ ಒಣ ಬಟ್ಟೆ ಮಲಗುವಾಗ ಮಾತ್ರ. ಹಗಲಲ್ಲಿ ಎಷ್ಟೇ ನೆನೆದರೂ ಇದನ್ನು ಮುಟ್ಟಬೇಡಿ. ಬೆಳಗ್ಗೆ ಒದ್ದೆ ಬಟ್ಟೆಯನ್ನೇ ಹಾಕಿಕೊಳ್ಳುವುದು ಎರಡು ನಿಮಿಷದ ಕಷ್ಟ. ರಾತ್ರಿ ಮೈ ಬೆಚ್ಚಗಾಗದೆ ಹೋದರೆ ಅದು ಅಪಾಯ.

ಪವರ್‌ಬ್ಯಾಂಕ್, ಬ್ರಿಟನ್ನಿನ ಮೂರು ಪಿನ್ನಿನ ಅಡಾಪ್ಟರ್, ಹೆಡ್‌ಲ್ಯಾಂಪ್, ಸೀಟಿ, ಪ್ರಥಮ ಚಿಕಿತ್ಸೆಯ ಸಾಮಾನು. ಕಾಗದದ ನಕ್ಷೆ ಮತ್ತು ದಿಕ್ಸೂಚಿ ಕೂಡ. ಆರ್ಡ್‌ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ 361 ಇಡೀ ಆರನ್‌ನ ನಕ್ಷೆ. ಕಣಿವೆಗಳಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ, ಮಳೆಯಲ್ಲಿ ಟಚ್ ಕೂಡ ಸರಿಯಾಗಿ ಕೆಲಸ ಮಾಡುವುದಿಲ್ಲ.

ಊಟ

ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ತರುವ ಹಾಗೇ ಇಲ್ಲ, ಲಗೇಜಿನಲ್ಲೂ ಇಲ್ಲ. ಸ್ಟವ್ ಮಾತ್ರ ತೊಳೆದು ತನ್ನಿ. ತಿರುಪಿನ ಗ್ಯಾಸ್ ಡಬ್ಬಿ ಗ್ಲಾಸ್ಗೋದ ಕ್ಯಾಂಪಿಂಗ್ ಅಂಗಡಿಗಳಲ್ಲಿ ಸಿಗುತ್ತದೆ. ಒಬ್ಬರಿಗೆ ವಾರಕ್ಕೆ ಮಧ್ಯಮ ಗಾತ್ರದ ಒಂದು ಡಬ್ಬಿ ಸಾಮಾನ್ಯವಾಗಿ ಸಾಕು.

ಭಾರತದಿಂದ ತುಪ್ಪ, ಪೇಡ, ಪನೀರ್, ಹಾಲಿನ ಯಾವ ಪದಾರ್ಥವನ್ನೂ ತರಬೇಡಿ. ಬ್ರಿಟನ್ನಿನ ನಿಯಮ ಅದಕ್ಕೆ ಒಪ್ಪುವುದಿಲ್ಲ, ಮಾಂಸಕ್ಕೂ ಅಷ್ಟೇ. ಹುರಿದ ರವೆ, ಅವಲಕ್ಕಿ, ಚಟ್ನಿಪುಡಿ, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಪೊಟ್ಟಣ ಇದ್ದರೆ ಅರ್ಧ ಕೆಲಸ ಮುಗಿಯಿತು. ದಿನವಿಡೀ ಮಳೆಯಲ್ಲಿ ನಡೆದು ಬಂದಾಗ, ಟೆಂಟಿನ ಬಾಗಿಲಲ್ಲಿ ಐದು ನಿಮಿಷಕ್ಕೆ ಬಿಸಿ ಉಪ್ಪಿಟ್ಟು ಆಗುವುದು ದೊಡ್ಡ ಸುಖ. ಬ್ರಾಡಿಕ್‌ನ ಕೋ-ಆಪ್ ಅಂಗಡಿಯಲ್ಲಿ ಬ್ರೆಡ್, ಚೀಸ್, ಹಣ್ಣು, ಬೇಳೆಕಾಳಿನ ಡಬ್ಬಿ, ಓಟ್ಸ್ ಎಲ್ಲ ಸಿಗುತ್ತದೆ. ಇಳಿದ ದಿನವೇ ಮೂರು ದಿನಕ್ಕಾಗುವಷ್ಟು ಕೊಂಡುಬಿಡಿ. ಆಚೆಯ ಹಳ್ಳಿಗಳಲ್ಲಿ ಅಂಗಡಿ ಚಿಕ್ಕದು, ಬೇಗ ಮುಚ್ಚುತ್ತದೆ. ಅಡುಗೆಯನ್ನು ಟೆಂಟಿನ ಒಳಗೆ ಮಾಡಬೇಡಿ. ಬೆಂಕಿಯ ಅಪಾಯ ಒಂದು ಕಡೆ, ಮುಚ್ಚಿದ ಜಾಗದಲ್ಲಿ ಕಾರ್ಬನ್ ಮೊನಾಕ್ಸೈಡ್ ವಾಸನೆಯೇ ಇಲ್ಲದೆ ಕೊಲ್ಲುತ್ತದೆ.

ಟೆಂಟ್ ಎಲ್ಲಿ ಹಾಕಬಹುದು

ಸ್ಕಾಟ್ಲೆಂಡಿನ 2003ರ ಭೂಸುಧಾರಣಾ ಕಾಯ್ದೆ ಎಲ್ಲರಿಗೂ ಒಂದು ಹಕ್ಕು ಕೊಟ್ಟಿದೆ. ಬೇಲಿ ಹಾಕದ ಹೆಚ್ಚಿನ ಜಮೀನಿನಲ್ಲಿ, ಯಾರ ಅಪ್ಪಣೆಯೂ ಇಲ್ಲದೆ, ಚಿಕ್ಕ ಟೆಂಟ್ ಹಾಕಿ ಎರಡು ಮೂರು ರಾತ್ರಿ ಇರಬಹುದು. ಇಂಗ್ಲೆಂಡಿನ ಹೆಚ್ಚಿನ ಕಡೆ ಇದಿಲ್ಲ. ಇಷ್ಟು ದೊಡ್ಡ ಹಕ್ಕನ್ನು ಜನರ ಮೇಲೆ ನಂಬಿಕೆ ಇಟ್ಟು ಕೊಟ್ಟಿದ್ದಾರೆ. ಅದಕ್ಕೆ ತಕ್ಕ ಹಾಗೆ ನಡೆದುಕೊಳ್ಳಬೇಕು. ಮನೆ, ರಸ್ತೆ, ಹಳೆಯ ಸ್ಮಾರಕಗಳಿಂದ ದೂರ ಇರಿ. ಬೆಳೆ ಇರುವ ಹೊಲಕ್ಕೆ, ದನ ಕುರಿ ಇರುವ ಬೇಲಿಯೊಳಗೆ ಹೋಗಬೇಡಿ. ಶೌಚಕ್ಕೆ ಹಳ್ಳ, ತೊರೆಯಿಂದ 30 ಮೀಟರ್ ದೂರ ಹೋಗಿ, ಗುಂಡಿ ತೋಡಿ ಮುಚ್ಚಿ. ಕಾಗದ, ಸ್ಯಾನಿಟರಿ ಪ್ಯಾಡ್ ಎಲ್ಲ ಚೀಲದಲ್ಲಿ ಹಾಕಿಕೊಂಡು ಹೊತ್ತು ತನ್ನಿ.

ಕ್ಯಾಂಪ್‌ಫೈರ್ ಹಾಕಲೇಬೇಡಿ. ಇಲ್ಲಿನ ನೆಲ ಪೀಟ್, ಅಂದರೆ ಸಾವಿರಾರು ವರ್ಷ ಕೊಳೆತು ಕೂಡಿದ ಸಸ್ಯದ ಪದರ. ಅದಕ್ಕೇ ಬೆಂಕಿ ಹತ್ತಿದರೆ ಒಳಗೊಳಗೇ ಉರಿಯುತ್ತದೆ. ವಸಂತದಲ್ಲಿ ಒಣ ಹುಲ್ಲು ಇನ್ನೂ ಅಪಾಯ. 2025ರ ಆರಂಭದಲ್ಲಿ ಬ್ರಾಡಿಕ್ ಪಕ್ಕದ ಗ್ಲೆನ್ ರೋಸಾ ಕಣಿವೆಯಲ್ಲಿ ಕಾಡ್ಗಿಚ್ಚು ಹಬ್ಬಿ, ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಅನ್ನುವ ಸಂರಕ್ಷಣಾ ಸಂಸ್ಥೆ ನೆಟ್ಟು ಬೆಳೆಸುತ್ತಿದ್ದ ಸಾವಿರಾರು ಗಿಡಗಳು ಸುಟ್ಟುಹೋದವು. ಸ್ಟವ್ ಇದೆಯಲ್ಲ, ಅಷ್ಟು ಸಾಕು.

ಹಕ್ಕಿದ್ದರೂ ಮೊದಲ ಸಲ ಒಬ್ಬರೇ ಬರುವವರು ಕ್ಯಾಂಪ್‌ಸೈಟಿನಲ್ಲೇ ಇರಿ ಅನ್ನುತ್ತೇನೆ. ಬಿಸಿನೀರಿನ ಸ್ನಾನ, ಫೋನ್ ಚಾರ್ಜು, ನೀವು ಸಂಜೆ ವಾಪಸ್ ಬಂದಿರಾ ಅಂತ ಗಮನಿಸುವ ಒಬ್ಬ ಮನುಷ್ಯ. ಒಂಟಿಯಾಗಿ ಬರುವ ಹೆಣ್ಣುಮಕ್ಕಳಿಗೂ ಇದೇ ಸರಿ. ಹೊರಗೆ ಮಲಗುವ ಆಸೆ ಇದ್ದರೆ, ಹವಾಮಾನ ಚೆನ್ನಾಗಿರುವ ಒಂದೇ ಒಂದು ರಾತ್ರಿ ಅದಕ್ಕೆ ಇಡಿ.

ಟೆಂಟ್ ಹಾಕುವಾಗ ಮೊದಲು ಗಾಳಿಯ ದಿಕ್ಕು ನೋಡಿ. ಟೆಂಟಿನ ತಗ್ಗಾದ ತುದಿ ಗಾಳಿಗೆ, ಬಾಗಿಲು ಅದರ ವಿರುದ್ಧ ದಿಕ್ಕಿಗೆ. ತಗ್ಗು ಜಾಗ ನೋಡಲು ಮೆತ್ತಗಿರುತ್ತದೆ, ಮಳೆ ಬಂದರೆ ಅಲ್ಲೇ ನೀರು ನಿಲ್ಲುತ್ತದೆ. ಗೂಟವನ್ನು ಟೆಂಟಿನಿಂದ ಆಚೆಗೆ ವಾಲಿಸಿ ಹೊಡೆಯಿರಿ. ಗಾಳಿ ಇಲ್ಲದಿದ್ದರೂ ಎಲ್ಲ ಹಗ್ಗ ಕಟ್ಟಿಯೇ ಮಲಗಿ. ಮಧ್ಯರಾತ್ರಿ ಎದ್ದು ಮಳೆಯಲ್ಲಿ ಹಗ್ಗ ಹುಡುಕುವುದು ಯಾರಿಗೂ ಬೇಡ.

ವಾರ ಹೀಗೆ ಕಳೆಯಬಹುದು

ಮೊದಲ ದಿನ ಬ್ರಾಡಿಕ್‌ನಲ್ಲಿ ಇಳಿದು, ಸಾಮಾನು ಕೊಂಡು, 324ನೇ ನಂಬರಿನ ಬಸ್ಸು ಹತ್ತಿ ಲಾಕ್‌ರಾನ್ಜಾಗೆ ಹೋಗಿ. ಬಸ್ಸಿನ ಹೊತ್ತು ಹಡಗಿನ ಹೊತ್ತಿಗೆ ಹೊಂದುವಂತೆ ಇರುತ್ತದೆ, ಆದರೆ ದಿನಕ್ಕೆ ಓಡುವುದು ಕೆಲವೇ ಬಸ್ಸು. ವೇಳಾಪಟ್ಟಿಯ ಫೋಟೋ ಫೋನಿನಲ್ಲಿರಲಿ. ಬಲಗಡೆ ಕೂತರೆ ಕಾರಿ, ಸ್ಯಾನಕ್ಸ್ ಊರುಗಳವರೆಗೂ ಸಮುದ್ರ ಕಾಣುತ್ತದೆ. ಲಾಕ್‌ರಾನ್ಜಾ ಕ್ಯಾಂಪ್‌ಸೈಟಿನ ಸುತ್ತ ಕೆಂಪು ಜಿಂಕೆಗಳು ಸಂಜೆ ನಿರ್ಭಯವಾಗಿ ಮೇಯುತ್ತವೆ. ಹತ್ತಿರ ಹೋಗಬೇಡಿ, ತಿನ್ನಲು ಏನೂ ಕೊಡಬೇಡಿ, ಆಹಾರವನ್ನು ಟೆಂಟಿನ ಹೊರಗೆ ಬಿಡಬೇಡಿ.

ಎರಡನೆಯ ದಿನ ಕಾಲು ಸಡಿಲವಾಗಲಿ. ಕೊಲ್ಲಿಯ ಬಾಯಲ್ಲಿ ಲಾಕ್‌ರಾನ್ಜಾ ಕೋಟೆಯ ಪಾಳು ಇದೆ. ಅಲ್ಲಿಂದ ಆಚೆ ದಡ ಹಿಡಿದು ನ್ಯೂಟನ್ ಪಾಯಿಂಟ್ ಕಡೆ ನಡೆಯಿರಿ. ಸ್ಕಾಟ್ಲೆಂಡಿನ ಭೂವಿಜ್ಞಾನಿ ಜೇಮ್ಸ್ ಹಟ್ಟನ್ 1787ರಲ್ಲಿ ಇಲ್ಲಿಗೆ ಬಂದಿದ್ದ. ಒಂದು ದಿಕ್ಕಿಗೆ ವಾಲಿದ ಹಳೆಯ ಕಲ್ಲಿನ ಪದರದ ಮೇಲೆ, ಇನ್ನೊಂದು ದಿಕ್ಕಿಗೆ ವಾಲಿದ ಹೊಸ ಪದರ ಕೂತಿರುವುದನ್ನು ಕಂಡ. ಕೆಳಗಿನದು ರೂಪುಗೊಂಡು, ಮಡಚಿ, ಮೇಲೆದ್ದು, ಸವೆದು, ಅದರ ಮೇಲೆ ಮತ್ತೆ ಮರಳು ಕೂಡಬೇಕಾದರೆ ಎಷ್ಟು ಕಾಲ ಬೇಕು? ಭೂಮಿಗೆ ಕೆಲವೇ ಸಾವಿರ ವರ್ಷ ವಯಸ್ಸು ಅಂತ ಜನ ನಂಬಿದ್ದ ಕಾಲ ಅದು. ಆ ನಂಬಿಕೆಯನ್ನು ಅಲ್ಲಾಡಿಸಿದ ಕಲ್ಲುಗಳಲ್ಲಿ ಇದೂ ಒಂದು. ಸಮುದ್ರದ ಇಳಿತದ ಹೊತ್ತಿಗೆ ಹೋದರೆ ಚೆನ್ನಾಗಿ ಕಾಣುತ್ತದೆ. ಪಾಚಿ ಹಿಡಿದ ಬಂಡೆ ಜಾರುತ್ತದೆ, ಹುಷಾರು. ಶಕ್ತಿ ಇದ್ದವರು ಗುಡ್ಡ ದಾಟಿ ಲ್ಯಾಗನ್‌ಗೆ ಇಳಿದು, ದಡದ ದಾರಿಯಲ್ಲಿ ಕಾಕ್ ಆಫ್ ಆರನ್ ಸುತ್ತಿ ವಾಪಸ್ ಬರಬಹುದು. ಅರ್ಧ ದಿನಕ್ಕೂ ಜಾಸ್ತಿ ಹಿಡಿಯುತ್ತದೆ, ಮನುಷ್ಯರೇ ಸಿಗದ ದಾರಿ.

ಮೂರನೆಯ ಮತ್ತು ನಾಲ್ಕನೆಯ ದಿನಕ್ಕೆ ಯೋಜನೆ ಬರೆಯಬೇಡಿ. ಈ ಎರಡರಲ್ಲಿ ಯಾವುದು ಚೆನ್ನಾಗಿದೆಯೋ ಅದು ಗೋಟ್ ಫೆಲ್ ಬೆಟ್ಟಕ್ಕೆ. ಬ್ರಿಟನ್ನಿನ ಹವಾಮಾನ ಇಲಾಖೆ ಮೆಟ್ ಆಫೀಸ್ ಬೆಟ್ಟಗಳಿಗೆ ಅಂತಲೇ ಬೇರೆ ಮುನ್ಸೂಚನೆ ಕೊಡುತ್ತದೆ. ಹಿಂದಿನ ರಾತ್ರಿ ಅದನ್ನು ನೋಡಿ ನಿರ್ಧರಿಸಿ. ಗೋಟ್ ಫೆಲ್ 874 ಮೀಟರ್, ದ್ವೀಪದ ಅತಿ ಎತ್ತರದ ಜಾಗ. ಎತ್ತರ ಕಡಿಮೆ ಅನ್ನಿಸಬಹುದು. ಆದರೆ ಹತ್ತುವುದು ಸಮುದ್ರ ಮಟ್ಟದಿಂದಲೇ, ಮತ್ತು ಮೇಲೆ ಗಾಳಿ ಬೇರೆಯದೇ ಲೋಕ. ಬ್ರಾಡಿಕ್ ಕೋಟೆಯ ಹತ್ತಿರದ ಕ್ಲಾಡಾಕ್‌ನಿಂದ ಒಳ್ಳೆಯ ಕಾಲುದಾರಿ ಇದೆ. ಹೋಗಿ ಬರಲು ಐದಾರು ಗಂಟೆ. ಮೊದಲು ಕಾಡು, ಆಮೇಲೆ ಬಯಲು, ಕೊನೆಗೆ ಬಂಡೆಗಳ ಮೇಲೆ ಏರು. ಆಕಾಶ ತಿಳಿಯಾಗಿದ್ದರೆ ತುದಿಯಿಂದ ಐರ್ಲೆಂಡ್ ಕಾಣುತ್ತದೆ. ಹೋದ ದಾರಿಯಲ್ಲೇ ಇಳಿಯಿರಿ. ಪಕ್ಕದ ಕೀರ್ ವೋರ್ (Cìr Mhòr), ಆ-ಕೀರ್ (A' Chìr) ಅನ್ನುವ ಏಣುಗಳು ಕಣ್ಣಿಗೆ ಎಷ್ಟೇ ಆಸೆ ಹುಟ್ಟಿಸಿದರೂ ಹೊಸಬರು ಒಬ್ಬರೇ ಹೋಗುವ ಜಾಗವಲ್ಲ. ಹೊರಡುವ ಮೊದಲೇ ವಾಪಸ್ ತಿರುಗುವ ಹೊತ್ತು ಗೊತ್ತುಮಾಡಿಕೊಳ್ಳಿ. ಮಧ್ಯಾಹ್ನ ಎರಡು ಅಂದರೆ ಎರಡು, ತುದಿ ಎಷ್ಟು ಹತ್ತಿರವಿದ್ದರೂ ಸರಿ. ಜೊತೆಯಲ್ಲಿ ಬೇಡ ಅನ್ನುವವರು ಇಲ್ಲದಿರುವಾಗ ಆ ಕೆಲಸ ಗಡಿಯಾರವೇ ಮಾಡಬೇಕು.

ಉಳಿದ ಇನ್ನೊಂದು ದಿನ ಮಳೆ ಬಂದರೆ ಟೆಂಟಿನಲ್ಲಿ ಪುಸ್ತಕ ಓದಿ, ಇಲ್ಲವೇ ಬ್ರಾಡಿಕ್ ಕೋಟೆಯ ತೋಟ ನೋಡಿ. ಲಾಕ್‌ರಾನ್ಜಾದಲ್ಲಿ 1995ರಲ್ಲಿ ಶುರುವಾದ ವಿಸ್ಕಿ ಡಿಸ್ಟಿಲರಿ ಇದೆ, ಕುಡಿಯದವರಿಗೂ ಅಲ್ಲಿ ಬೆಚ್ಚಗಿನ ಕೆಫೆ ಸಿಗುತ್ತದೆ. ಸುಮ್ನೆ ಕೂತ ದಿನವನ್ನು ವ್ಯರ್ಥ ಅಂತ ಲೆಕ್ಕ ಹಾಕಬೇಡಿ. ರಜೆ ಅಲ್ವಾ?

ಐದನೆಯ ದಿನ ಬಿಡಾರ ಬದಲು. ಮತ್ತೆ 324, ಈ ಸಲ ಪಶ್ಚಿಮದ ದಡ ಹಿಡಿದು. ಮ್ಯಾಕ್ರಿಯಲ್ಲಿ ಇಳಿದು ಹೊಲಗಳ ನಡುವಿನ ಗಾಡಿದಾರಿಯಲ್ಲಿ ನಡೆದರೆ ಮ್ಯಾಕ್ರಿ ಮೂರ್. ಬಯಲಿನ ನಡುವೆ ಕಲ್ಲಿನ ವೃತ್ತಗಳು, ಅವುಗಳಲ್ಲಿ ಸುಮಾರು 5 ಮೀಟರ್ ಎತ್ತರದ ಕೆಂಪು ಮರಳುಗಲ್ಲಿನ ಕಂಬಗಳು. ಟಿಕೆಟ್ಟಿಲ್ಲ, ಬೇಲಿಯಿಲ್ಲ, ಕಾವಲಿಲ್ಲ. ಕಲ್ಲಿಗೆ ಒರಗಬೇಡಿ, ಹತ್ತಬೇಡಿ. ಈ ವಾರದಲ್ಲಿ ಒಂದೇ ಒಂದು ಜಾಗಕ್ಕೆ ಬಿಡುವು ಇದ್ದರೆ ನಾನು ಇದನ್ನೇ ಆರಿಸುತ್ತೇನೆ. ಎರಡು ಗಂಟೆಯಾದರೂ ಇರಿ. ಅಲ್ಲಿಂದ ಬ್ಲ್ಯಾಕ್‌ವಾಟರ್‌ಫುಟ್‌ಗೆ, ಬಸ್ಸು ಬದಲಿಸಿ 323ರಲ್ಲಿ ಕಿಲ್ಡೋನನ್‌ಗೆ. ಊರೊಳಗೆ ಬರುತ್ತದಾ ಅಂತ ಡ್ರೈವರನ್ನು ಕೇಳಿ ಹತ್ತಿ.

ಕಿಲ್ಡೋನನ್‌ನಲ್ಲಿ ಸೀಲ್ ಶೋರ್ ಕ್ಯಾಂಪ್‌ಸೈಟ್ ಸಮುದ್ರದ ಅಂಚಿನಲ್ಲೇ ಇದೆ. ಇಳಿತದ ಹೊತ್ತಿಗೆ ಬಂಡೆಗಳ ಮೇಲೆ ಸೀಲ್‌ಗಳು ಬಿಸಿಲು ಕಾಯುತ್ತಾ ಮಲಗಿರುತ್ತವೆ. ನಿಮ್ಮನ್ನು ಕಂಡು ತಲೆ ಎತ್ತಿದವು ಅಂದರೆ ಅಲ್ಲೇ ನಿಲ್ಲಿ, ಮುಂದೆ ಹೋಗಬೇಡಿ. ಎದುರಿಗೆ ಪ್ಲಾಡಾ ದ್ವೀಪದ ದೀಪಸ್ತಂಭ, ಅದರಾಚೆ ಸಮುದ್ರದಿಂದ ಎದ್ದ ಗುಮ್ಮಟದ ಹಾಗೆ ಏಲ್ಸಾ ಕ್ರೇಗ್. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಕರ್ಲಿಂಗ್ ಆಟಕ್ಕೆ ಬಳಸುವ ಗುಂಡುಕಲ್ಲು ಆ ದ್ವೀಪದ ಗ್ರಾನೈಟ್‌ನದು. ಇಲ್ಲಿಂದ ಪಶ್ಚಿಮಕ್ಕೆ ಬೆನನ್ ಹೆಡ್‌ನ ಬ್ಲ್ಯಾಕ್ ಕೇವ್ ಕಡೆ ದಡದಲ್ಲಿ ನಡೆಯುವ ಆಸೆಯಿದ್ದರೆ ಮೊದಲು ಭರತ ಇಳಿತದ ಪಟ್ಟಿ ನೋಡಿ. ಇಳಿತದಲ್ಲಿ ಮಾತ್ರ ಅಲ್ಲಿ ದಾಟಲು ಆಗುತ್ತದೆ.

ಆರನೆಯ ದಿನ ಎರಡರಲ್ಲಿ ಒಂದು. ವೈಟಿಂಗ್ ಬೇಗೆ ಬಸ್ಸಿನಲ್ಲಿ ಹೋಗಿ ಗ್ಲೆನ್‌ಆಶ್‌ಡೇಲ್ ಜಲಪಾತ ಮತ್ತು ಜೈಂಟ್ಸ್ ಗ್ರೇವ್ಸ್ ಅನ್ನುವ ಹಳೆಯ ಸಮಾಧಿಗಳನ್ನು ಒಂದೇ ಸುತ್ತಿನಲ್ಲಿ ನೋಡಬಹುದು. ಇಲ್ಲವೇ ಲ್ಯಾಮ್‌ಲಾಶ್‌ನಿಂದ ದೋಣಿಯಲ್ಲಿ ಹೋಲಿ ಐಲ್‌ಗೆ ಹೋಗಿ. 1992ರಿಂದ ಆ ಪುಟ್ಟ ದ್ವೀಪ ಟಿಬೆಟಿನ ಬೌದ್ಧರ ಕೈಯಲ್ಲಿದೆ. ಬೈಲುಕುಪ್ಪೆ ನೋಡಿದವರಿಗೆ ಪ್ರಾರ್ಥನಾ ಬಾವುಟಗಳು ಪರಿಚಯದವೇ. 314 ಮೀಟರ್ ಎತ್ತರದ ಗುಡ್ಡ ಹತ್ತಿ ಇಳಿದು, ದೋಣಿಯ ಹೊತ್ತಿಗೆ ದಡಕ್ಕೆ ಬನ್ನಿ. ಅಲ್ಲಿ ಟೆಂಟ್ ಹಾಕಬೇಡಿ.

ಒಬ್ಬರೇ ಇರುವಾಗ

ಪ್ರತಿದಿನ ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಕ್ಯಾಂಪ್‌ಸೈಟಿನವರಿಗೆ ಹೇಳಿ, ಮನೆಯವರಿಗೂ ಮೆಸೇಜ್ ಹಾಕಿ. ಬರಬೇಕಾದ ಹೊತ್ತಿಗೆ ಬಾರದಿದ್ದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದೂ ಅವರಿಗೆ ಗೊತ್ತಿರಲಿ. ತುರ್ತಿಗೆ 999. ಬೆಟ್ಟದಲ್ಲಾದರೆ ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಅನ್ನಿ. ಸಮುದ್ರದ ದಡದಲ್ಲಾದರೆ ಕೋಸ್ಟ್‌ಗಾರ್ಡ್. ಬ್ರಿಟನ್ನಿನ ಸಿಮ್ ಇದ್ದರೆ 999ಕ್ಕೆ ಎಸ್‌ಎಂಎಸ್ ಕಳಿಸುವ ಸೌಲಭ್ಯಕ್ಕೂ ಮುಂಚೆಯೇ ಹೆಸರು ನೋಂದಾಯಿಸಿ. ಮಾತಾಡಲು ಸಿಗ್ನಲ್ ಸಾಲದ ಕಡೆ ಮೆಸೇಜ್ ಹೋಗಬಹುದು. ಸೀಟಿಯಲ್ಲಿ ಸಹಾಯ ಕೇಳುವುದು ಹೀಗೆ: ಆರು ಸಲ ಊದಿ, ಒಂದು ನಿಮಿಷ ನಿಲ್ಲಿಸಿ, ಮತ್ತೆ ಆರು ಸಲ.

ಜಿಂಕೆ ಓಡಾಡುವ ಹುಲ್ಲಿನಲ್ಲಿ ಉಣುಗು ಇರುತ್ತದೆ. ಮಲೆನಾಡಿನಲ್ಲಿ ಉಣುಗಿನಿಂದ ಮಂಗನ ಕಾಯಿಲೆ ಹರಡಿದರೆ, ಇಲ್ಲಿ ಲೈಮ್ ಕಾಯಿಲೆ ಹರಡುತ್ತದೆ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ ನಡೆಯಿರಿ. ರಾತ್ರಿ ಮಲಗುವ ಮುಂಚೆ ಮೊಣಕಾಲಿನ ಹಿಂದೆ, ತೊಡೆಸಂದು, ಕಂಕುಳು ನೋಡಿಕೊಳ್ಳಿ. ಕಚ್ಚಿದ್ದರೆ ಅದಕ್ಕೆಂದೇ ಸಿಗುವ ಕೊಕ್ಕೆಯಿಂದ ಎತ್ತಿ ತೆಗೆಯಿರಿ, ಎಣ್ಣೆ ಸುರಿಯಬೇಡಿ, ಬೆಂಕಿ ತಾಗಿಸಬೇಡಿ. ಮುಂದಿನ ವಾರಗಳಲ್ಲಿ ಅಲ್ಲಿ ಕೆಂಪು ಮಚ್ಚೆ ಹರಡತೊಡಗಿದರೆ ಡಾಕ್ಟರಿಗೆ ತೋರಿಸಿ. ಆಡರ್ ಅನ್ನುವ ವಿಷದ ಹಾವೂ ಈ ದ್ವೀಪದಲ್ಲಿದೆ. ತಾನಾಗಿ ಬರುವುದಿಲ್ಲ, ಬಿಸಿಲಿಗೆ ಮಲಗಿರುವುದನ್ನು ತುಳಿಯದಿದ್ದರಾಯಿತು. ತೊರೆಯ ನೀರು ಎಷ್ಟೇ ತಿಳಿಯಾಗಿದ್ದರೂ ಕುದಿಸಿ, ಇಲ್ಲವೇ ಫಿಲ್ಟರ್ ಮಾಡಿ ಕುಡಿಯಿರಿ. ಮೇಲೆ ಎಲ್ಲೋ ಕುರಿ ಸತ್ತಿರಬಹುದು.

ಏಳನೆಯ ದಿನ ಬೆಳಗ್ಗೆ ಬೇಗ ಎದ್ದು ಹಡಗಿನ ಸ್ಥಿತಿ ನೋಡಿ, ಆಮೇಲೆ ಟೆಂಟ್ ಬಿಚ್ಚಿ. ಕೊನೆಯ ಹಡಗಿಗೆ ಕಾಯಬೇಡಿ, ಮಧ್ಯಾಹ್ನದ್ದು ಹಿಡಿಯಿರಿ. ಗ್ಲಾಸ್ಗೋ ರೂಮಿನಲ್ಲಿ ಟೆಂಟನ್ನು ಪೂರ್ತಿ ಹರಡಿ ಒಣಗಿಸಿ. ಒದ್ದೆಯಾಗಿಯೇ ಮಡಚಿ ಭಾರತಕ್ಕೆ ಒಯ್ದರೆ ಬೂಷ್ಟು ಹಿಡಿಯುತ್ತದೆ. ಬೂಟಿನ, ಗೂಟದ ಮಣ್ಣು ತೊಳೆದು ಒರೆಸಿ. ಮಿಕ್ಕ ಗ್ಯಾಸ್ ಡಬ್ಬಿಯನ್ನು ಕಿಲ್ಡೋನನ್‌ನಲ್ಲೇ ಪಕ್ಕದ ಟೆಂಟಿನವರಿಗೆ ಕೊಟ್ಟು ಬಂದಿರಿ.